ಕಿವಿಯಲ್ಲಿ ಹೇಳಬೇಕಿದ್ದ ಹೆಸರು

ಮಗಳು ಹುಟ್ಟಿ ಮೂರು ವಾರವಾದರೂ ಅವಳಿಗೆ ಹೆಸರಿರಲಿಲ್ಲ. ಮಸ್ಕತ್ತಿನ ಆಸ್ಪತ್ರೆ ಕೊಟ್ಟ ಚೀಟಿಯಲ್ಲಿ ನನ್ನ ಹೆಸರು ಬರೆದು, ‘ಇವರ ಹೆಣ್ಣುಕೂಸು’ ಎಂದಷ್ಟೇ ಹಾಕಿದ್ದರು. ನಾನು ಅದೇ ಆಸ್ಪತ್ರೆಯಲ್ಲಿ ನರ್ಸು. ಇಂಥ ಚೀಟಿಗಳನ್ನು ಎಷ್ಟೋ ತಾಯಂದಿರ ಕೈಗೆ ಕೊಟ್ಟು, ಬೇಗ ಹೆಸರು ಬರೆಸಿ ಎಂದು ಗದರಿದವಳು. ಈಗ ಗದರಿಸಿಕೊಳ್ಳುವ ಸರದಿ ನನ್ನದಾಗಿತ್ತು.

ನಾನು ಕೊಟ್ಟೂರಿನವಳು, ಗಂಡ ಹರಪನಹಳ್ಳಿ ತಾಲೂಕಿನ ಹಲವಾಗಲಿನವನು. ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ, ಅಂದರೆ ತಂದೆಯ ಅಕ್ಕನೋ ತಂಗಿಯೋ. ಅವಳು ತೊಟ್ಟಿಲಿನ ಮೇಲೆ ಬಾಗಿ ಕಿವಿಯಲ್ಲಿ ಹೆಸರು ಉಸುರುತ್ತಿದ್ದಂತೆ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಗುದ್ದು ತಿಂದ ಮೇಲೆಯೇ ಹೆಸರು ಎಲ್ಲರಿಗೂ ಗೊತ್ತಾಗುವುದು. ಅದಕ್ಕೂ ಮುಂಚೆ ಯಾರೂ ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಕಾಗದದ ಮೇಲೆ ಬರೆಯುವುದಂತೂ ದೂರದ ಮಾತು.

ಹೀಗಾಗಿ ಹೆಸರಿಲ್ಲದೆ ಜನನ ಪತ್ರವಿಲ್ಲ, ಜನನ ಪತ್ರವಿಲ್ಲದೆ ಪಾಸ್‌ಪೋರ್ಟಿಲ್ಲ, ಪಾಸ್‌ಪೋರ್ಟಿಲ್ಲದೆ ಊರಿಲ್ಲ, ಊರಿಗೆ ಹೋಗದೆ ಸೋದರತ್ತೆಯಿಲ್ಲ, ಸೋದರತ್ತೆಯಿಲ್ಲದೆ ಹೆಸರಿಲ್ಲ. ಇತ್ತ ನನ್ನ ಹೆರಿಗೆ ರಜೆ ಕರಗುತ್ತಿತ್ತು. ಅದು ಮುಗಿದರೆ ಊರಿನ ಮಾತು ಮುಂದಿನ ವರ್ಷಕ್ಕೇ.

ಪಾಸ್‌ಪೋರ್ಟ್ ಅರ್ಜಿ ತೆಗೆದುಕೊಳ್ಳುವ ಕೌಂಟರಿಗೆ ವಿಚಾರಿಸಲು ಹೋದೆವು. ಅಲ್ಲಿದ್ದ ಹೆಂಗಸು ನಮ್ಮ ಕಾಗದಗಳನ್ನು ಹರಡಿಕೊಂಡು ಮೊದಲು ಊರಿನ ವಿಳಾಸಕ್ಕೇ ತಡೆದಳು. ಗಂಡನ ಪಾಸ್‌ಪೋರ್ಟಿನಲ್ಲಿ ದಾವಣಗೆರೆ ಜಿಲ್ಲೆ, ನಮ್ಮ ಮದುವೆಯ ಪತ್ರದಲ್ಲಿ ಬಳ್ಳಾರಿ, ಆಧಾರ್‌ನಲ್ಲಿ ವಿಜಯನಗರ. ಒಂದೇ ಮನೆ ಮೂರು ಜಿಲ್ಲೆಯಲ್ಲಿ ಹೇಗಿರುತ್ತದೆ ಎಂದು ಕೇಳಿದಳು. ಮನೆ ಇದ್ದಲ್ಲೇ ಇದೆ ತಾಯಿ, ಜಿಲ್ಲೆಗಳೇ ಬಂದು ಹೋದವು ಎಂದು ನನಗೆ ಬಂದ ಹಿಂದಿಯಲ್ಲಿ ಹೇಳಿದೆ. ಅವಳಿಗೆ ನಗು ತಡೆಯಲಾಗಲಿಲ್ಲ. ಇದಕ್ಕೊಂದು ಪ್ರಮಾಣಪತ್ರ ಬರೆದುಕೊಟ್ಟರೆ ಸಾಕು ಎಂದಳು. ಆದರೆ ಕೂಸಿನ ಹೆಸರಿನ ಜಾಗ ಮಾತ್ರ ಖಾಲಿ ಬಿಡುವಂತಿರಲಿಲ್ಲ. “ಯಾವುದಾದರೂ ಒಂದು ಬರೆದುಬಿಡಿ. ಮನೆಯಲ್ಲಿ ನಿಮಗೆ ಬೇಕಾದ ಹಾಗೆ ಕರೆಯಿರಿ” ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು.

ನನ್ನ ಮನಸ್ಸಿನಲ್ಲಿ ಒಂದು ಹೆಸರಿತ್ತು. ಸುಳ್ಳು ಯಾಕೆ ಹೇಳಲಿ, ಪೆನ್ನಿನ ಮುಚ್ಚಳವನ್ನೂ ತೆಗೆದಿದ್ದೆ. ಬರೆಯಲು ಕೈ ಬರಲಿಲ್ಲ. ಮದುವೆಯಾಗಿ ಆರು ವರ್ಷ ನಮಗೆ ಮಕ್ಕಳಾಗಿರಲಿಲ್ಲ. ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಎಲ್ಲಿ ನೆಂಟರ ಮನೆಗೆ ಹೋದರೂ ಚಹಾದ ಜೊತೆಗೆ ‘ಏನಾದ್ರೂ ವಿಶೇಷ ಐತೇನು’ ಎಂಬ ಪ್ರಶ್ನೆ ಬರುತ್ತಿತ್ತು. ಒಂದು ಸಲವೂ ಅದನ್ನು ಕೇಳದವಳು ಗಂಡನ ಅಕ್ಕ ಒಬ್ಬಳೇ. ನಾನೂ ಅವಳನ್ನು ಅಕ್ಕ ಎಂದೇ ಕರೆಯುತ್ತೇನೆ. ಅವಳ ಹಕ್ಕನ್ನು ಒಂದು ಅರ್ಜಿಗಾಗಿ ಕಿತ್ತುಕೊಳ್ಳುವಷ್ಟು ಕೆಟ್ಟವಳು ನಾನಲ್ಲ. ಮುಚ್ಚಳ ಹಾಕಿ ಮನೆಗೆ ಬಂದೆ.

ಗಂಡ ಫೋನು ಮಾಡಿದ. “ಅಕ್ಕಾ, ಹೆಸರು ಫೋನಿನಾಗ ಹೇಳಿಬಿಡು.”

“ಫೋನಿನಾಗ ಹೇಳಾಕ ಅದೇನು ಸಂತಿ ಸಾಮಾನೇನಲೇ? ತೊಟ್ಟಿಲಿಲ್ಲ, ಏನಿಲ್ಲ.”

ನಾನು ಫೋನು ಕಸಿದುಕೊಂಡೆ. “ಅಕ್ಕಾ, ತೊಟ್ಟಿಲು ನಾನು ಕಟ್ತೀನಿ. ನೀವು ಹೆಸರಿಡ್ರಿ. ಇಲ್ಲಾಂದ್ರ ಕೂಸನ್ನ ವಿಮಾನ ಹತ್ತಿಸಂಗಿಲ್ಲ ಅಂತಾರ.”

ಅತ್ತ ಕ್ಯಾಲೆಂಡರಿನ ಹಾಳೆ ತಿರುವುವ ಸದ್ದು ಕೇಳಿತು. ಆಮೇಲೆ, “ಶುಕ್ರವಾರ ಇಡೋಣು. ದಿನ ಚೊಲೋ ಐತಿ” ಎಂದಳು.

ವ್ಯಾಯಾಮ ಮಾಡುತ್ತೇನೆಂದು ಗಂಡ ಬಾಗಿಲಿಗೆ ಅಡ್ಡಲಾಗಿ ಒಂದು ಕಬ್ಬಿಣದ ಸರಳು ಹಾಕಿಸಿ, ಅದರತ್ತ ತಿರುಗಿಯೂ ನೋಡಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಅದಕ್ಕೇ ಸೀರೆ ಕಟ್ಟಿ ಜೋಲಿ ಮಾಡಿದೆ. ಪಕ್ಕದ ಮನೆಯ ಇಬ್ಬರು ಮಲಯಾಳಿ ನರ್ಸುಗಳು ಬಂದು ತೂಗಲು ನಿಂತರು. ಅಕ್ಕನ ಅಪ್ಪಣೆಯಂತೆ ಸ್ಪೀಕರ್ ಹಾಕದೆ ಫೋನನ್ನು ಕೂಸಿನ ಕಿವಿಗೆ ಹಿಡಿದೆ. ಗುಸುಗುಸು ಕೇಳಿತು. ಹಿಂದೆಯೇ ಹಲವಾಗಲಿನ ಹೆಂಗಸರು ಅಕ್ಕನ ಬೆನ್ನಿಗೆ ದಬದಬ ಗುದ್ದಿದ ಸದ್ದು ಇಲ್ಲಿಯವರೆಗೂ ಬಂತು. ನಾನು ಫೋನು ನನ್ನ ಕಿವಿಗೆ ತರುವಷ್ಟರಲ್ಲಿ ಲೈನು ಕಡಿದುಹೋಯಿತು.

ಆ ಹೊತ್ತಿನಲ್ಲಿ ನಮ್ಮ ಮಗಳ ಹೆಸರು ಜಗತ್ತಿನಲ್ಲಿ ಇಬ್ಬರಿಗೇ ಗೊತ್ತಿತ್ತು. ಒಬ್ಬಳು ಹಲವಾಗಲಿನಲ್ಲಿ, ಇನ್ನೊಬ್ಬಳಿಗೆ ಮಾತು ಬಾರದು. ಗಂಡ ಮನೆಯ ತುಂಬ ಶತಪಥ ಹಾಕಿದ. ನಮಗೆ ನಕ್ಕು ನಕ್ಕು ಸಾಕಾಯಿತು. ಒಂದು ತಾಸಿನ ಮೇಲೆ ಅಕ್ಕನೇ ಫೋನು ಮಾಡಿದಳು.

“ಕರೆಂಟ್ ಹೋಗಿತ್ತು, ಟವರ್ ಇದ್ದಿಲ್ಲ. ಯಾಕ, ಕೂಸು ನಿಮಗ ಹೇಳಲಿಲ್ಲೇನು?”

ಅವಳು ಹೇಳಿದ ಹೆಸರು ನಾನು ಬರೆಯಹೊರಟಿದ್ದ ಹೆಸರಿಗಿಂತ ಚೆನ್ನಾಗಿತ್ತು. ಒಪ್ಪಿಕೊಳ್ಳಲು ಸ್ವಲ್ಪ ಹೊಟ್ಟೆ ಉರಿಯಿತು, ಆದರೂ ಚೆನ್ನಾಗಿತ್ತು. ಅದು ಜನನ ಪತ್ರಕ್ಕೆ ಏರಿತು, ಅರ್ಜಿಗೆ ಏರಿತು, ಕೆಲವು ವಾರ ಕಳೆದು ಪಾಸ್‌ಪೋರ್ಟೂ ಬಂತು. ಫೋಟೋದಲ್ಲಿ ಮಗಳು ಇಡೀ ಸರಕಾರದ ಮೇಲೆ ಸಿಟ್ಟಾದವಳಂತೆ ಹುಬ್ಬು ಗಂಟಿಕ್ಕಿದ್ದಾಳೆ. ಆ ಹುಬ್ಬು ನನ್ನದೇ. ಎಷ್ಟು ಸಲ ತೆರೆದು ನೋಡಿದೆನೋ, ಅಷ್ಟು ಸಲವೂ ಖುಷಿಯಾಯಿತು.

ರಜೆ ಇನ್ನೂ ಹದಿನೈದು ದಿನ ಇರುವಾಗ ಹಲವಾಗಲು ಮುಟ್ಟಿದೆವು. ಪಡಸಾಲೆಯಲ್ಲಿ ತೊಟ್ಟಿಲು ಸಿಂಗಾರವಾಗಿತ್ತು, ಓಣಿಯ ಹೆಂಗಸರೆಲ್ಲ ಸೇರಿದ್ದರು. ಇದೇನಕ್ಕಾ ಎಂದೆ.

“ಅವತ್ತು ಇಟ್ಟಿದ್ದು ಸರಕಾರಕ್ಕ. ಕೂಸಿಗೆ ಇವತ್ತು ಇಡ್ತೀನಿ” ಎಂದಳು.

ಈಗ ಬೇರೆ ಹೆಸರು ಅವಳ ಬಾಯಿಂದ ಬಂದರೆ, ಬ್ಯಾಗಿನಲ್ಲಿದ್ದ ಪಾಸ್‌ಪೋರ್ಟ್ ಯಾರದು?

“ಅಕ್ಕಾ, ಅದ ಹೆಸರು ಹೌದಲ್ರೀ?”

“ಇಡಾಕಿ ನಾನೋ ನೀನೋ?”

ಅಕ್ಕ ತೊಟ್ಟಿಲಿನ ಮೇಲೆ ಬಾಗಿದಳು. ಹೆಂಗಸರು ಗುದ್ದಿದರು. ಎಲ್ಲರಿಗಿಂತ ಜೋರಾಗಿ ಗುದ್ದಿದವಳು ನಾನೇ ಇರಬೇಕು. ಅವಳು ನೆಟ್ಟಗಾಗಿ, ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೆಸರು ಹೇಳಿದಳು.

ಅದೇ ಹೆಸರು. ನಾನು ಅಷ್ಟು ಜನರ ನಡುವೆ ಅತ್ತುಬಿಟ್ಟೆ. ಅಕ್ಕ ಒಂದು ಕೈಯಿಂದ ಬೆನ್ನು ಸವರಿಕೊಳ್ಳುತ್ತಾ ಇನ್ನೊಂದು ಕೈಯಿಂದ ನನ್ನ ಕಣ್ಣೊರೆಸಿದಳು.

“ನಿಮ್ಮ ಲಗ್ನ ಆದಾಗಿಂದ ಇದೊಂದ ಹೆಸರು ಹಿಡಕಂಡು ಕುಂತೀನವಾ. ಇನ್ನೊಂದು ಎಲ್ಲಿಂದ ತರಲಿ?”