ಅಕ್ಕನಿಗೆ ಓದಿ ಹೇಳಿದ ವರದಿ

ಹಾನಗಲ್ಲಿನ ಕಾಲೇಜೊಂದರಲ್ಲಿ ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಎರಡನೆಯ ವರ್ಷದ ಪಾಠದಲ್ಲಿ ‘ರಿಸ್ಟ್ರಿಕ್ಷನ್ ಎಂಜೈಮ್’ ಎಂಬ ಮಾತು ಬರುತ್ತದೆ. ಕನ್ನಡದಲ್ಲಿ ನಿರ್ಬಂಧಕ ಕಿಣ್ವ. ಡಿಎನ್‌ಎಯ ಉದ್ದನೆಯ ಎಳೆಯಲ್ಲಿ ತನಗೆ ಗುರುತಿರುವ ನಾಲ್ಕಾರು ಅಕ್ಷರಗಳ ಸಾಲು ಸಿಕ್ಕಲ್ಲಿ ಮಾತ್ರ ಅದು ಕತ್ತರಿಸುತ್ತದೆ. ಆ ಸಾಲಿನಲ್ಲಿ ಒಂದಕ್ಷರ ಬದಲಾಗಿದ್ದರೂ ಮುಟ್ಟುವುದಿಲ್ಲ.

“ಕತ್ತರಸೂದಕ್ಕ ನಿರ್ಬಂಧ ಅಂತ ಯಾಕ ಅಂತಾರ್ರಿ ಮೇಡಂ?” ಎಂದು ಪ್ರತಿವರ್ಷ ಯಾರಾದರೂ ಕೇಳುತ್ತಾರೆ. ಬ್ಯಾಕ್ಟೀರಿಯಾದೊಳಗೆ ವೈರಸ್ ನುಗ್ಗಿದರೆ ಈ ಕಿಣ್ವ ಅದರ ಡಿಎನ್‌ಎಯನ್ನು ತುಂಡು ಮಾಡಿ ಅದು ಬೆಳೆಯದಂತೆ ತಡೆಯುತ್ತದೆ, ಆ ತಡೆಯಿಂದಲೇ ಹೆಸರು ಬಂದದ್ದು ಎಂದು ಹೇಳುತ್ತೇನೆ. ವರ್ಷಗಟ್ಟಲೆ ಹೀಗೆ ಹೇಳುತ್ತಾ ಬಂದೆ.

ನನ್ನ ಅಕ್ಕನನ್ನು ದುಂಡಸಿಗೆ, ಅವ್ವನ ಸ್ವಂತ ತಮ್ಮನಿಗೇ ಕೊಟ್ಟಿದ್ದರು. ಆಗ ನಾನು ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೆ. ರಕ್ತಸಂಬಂಧದಲ್ಲಿ ಕೊಟ್ಟು ತರುವ ಮನೆಗಳಲ್ಲಿ ಕೆಲವು ರೋಗಗಳು ಮಕ್ಕಳಿಗೆ ಬರುವ ಸಂಭವ ಹೆಚ್ಚೆಂದು ಓದಿದ್ದೆ. ಇಬ್ಬರೂ ಒಮ್ಮೆ ರಕ್ತ ತೋರಿಸಲಿ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಅವ್ವ, “ನನ್ನ ತವರಿಗೇ ನನ್ನ ಮಗಳು ಹೊಂಟಾಳ” ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಓಡಾಡುತ್ತಿದ್ದಳು. ನಾನು ಸುಮ್ಮನಾದೆ.

ಹುಟ್ಟಿದ ಮಗಳು ಆರು ತಿಂಗಳಿಗೇ ಬಿಳಿಚಿಕೊಂಡಳು. ಥಲಸ್ಸೀಮಿಯಾ ಎಂದರು. ಮೈಯಲ್ಲಿ ರಕ್ತ ಸರಿಯಾಗಿ ಆಗದ ಕಾಯಿಲೆ. ಅಕ್ಕ ಮತ್ತು ಮಾವ ಇಬ್ಬರಲ್ಲೂ ಅದರ ಅರ್ಧಪಾಲು ಅಡಗಿತ್ತು. ಮೂರು ವಾರಕ್ಕೊಮ್ಮೆ ಹುಬ್ಬಳ್ಳಿಗೆ ಒಯ್ದು ಮಗುವಿಗೆ ರಕ್ತ ಹಾಕಿಸಬೇಕಾಯಿತು. ಸೂಜಿ ಕಂಡರೆ ಚೀರುತ್ತಿದ್ದ ಆ ಹುಡುಗಿ ಮನೆಗೆ ಬಂದ ಮೇಲೆ “ಇವತ್ತ ನಾ ಓಡ್ತೇನಿ” ಎಂದು ಅಂಗಳಕ್ಕಿಳಿಯುತ್ತಿದ್ದಳು. ಮೂರನೆಯ ವಾರಕ್ಕೆ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತಿರುತ್ತಿದ್ದಳು.

ಆಕೆಗೆ ಆರು ವರ್ಷವಾದಾಗ ಅಕ್ಕ ಮತ್ತೆ ಬಸುರಾದಳು. ಹೊಟ್ಟೆಯಲ್ಲಿರುವ ಕೂಸಿಗೂ ಈ ಕಾಯಿಲೆ ಇದೆಯೋ ಎಂದು ನೋಡಬಹುದು ಎಂದು ಡಾಕ್ಟರು ಹೇಳಿದರು. ಪರೀಕ್ಷೆಯ ದಿನ ನಾನೂ ಜೊತೆಗೆ ಹೋಗಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಅಕ್ಕ ಕೇಳಿದಳು: “ಹೆಂಗ ಗೊತ್ತ ಆಕ್ಕೈತಿ ಅವರಿಗೆ?”

“ಕತ್ತರಿಯಂಥಾ ಒಂದು ಎಂಜೈಮ್ ಐತಿ ಅಕ್ಕ. ಕೂಸಿನ ಡಿಎನ್‌ಎಕ್ಕ ಅದನ್ನ ಹಾಕ್ತಾರ. ಕಟ್ ಆತೋ ಇಲ್ಲೋ ನೋಡ್ತಾರ.”

ಅಷ್ಟರಲ್ಲಿ ನರ್ಸ್ ಒಳಗೆ ಕರೆದಳು. ಯಾವುದಾದರೆ ಒಳ್ಳೆಯದು ಎಂಬುದನ್ನು ನಾನು ಹೇಳಿರಲಿಲ್ಲ.

ಎರಡು ವಾರದ ಮೇಲೆ ಒಂದು ಮಧ್ಯಾಹ್ನ ಅಕ್ಕ ನೇರವಾಗಿ ನಮ್ಮ ಸ್ಟಾಫ್‌ರೂಮಿಗೇ ಬಂದಳು. ಒಂದು ಕೈಯಲ್ಲಿ ಲಕೋಟೆ, ಇನ್ನೊಂದರಲ್ಲಿ ಪೇಡೆಯ ಡಬ್ಬಿ. ಬಿಸಿಲಲ್ಲಿ ನಡೆದು ಬಂದು ಮುಖವೆಲ್ಲ ಬೆವೆತಿತ್ತು, ಆದರೆ ನಗುತ್ತಿದ್ದಳು.

“ಶಿಗ್ಗಾಂವಿಯೊಳಗ ಔಷಧದ ಅಂಗಡ್ಯಾಂವ ಓದಿ ಹೇಳಿದಾ. ಕಟ್ ಆಗಿಲ್ಲ ಅಂತ ಬರದಾರಂತ. ನನ್ನ ಕೂಸಿಗೆ ಏನೂ ಆಗಿಲ್ಲ ನೋಡು!”

ಸಹೋದ್ಯೋಗಿಗಳೆಲ್ಲ ಪೇಡೆ ತೆಗೆದುಕೊಂಡರು. ನಾನು ಲಕೋಟೆ ಬಿಚ್ಚಿ ಓದಿದೆ. ಆ ಪರೀಕ್ಷೆಯಲ್ಲಿ ಸರಿಯಿದ್ದ ಡಿಎನ್‌ಎಯನ್ನು ಕಿಣ್ವ ಕತ್ತರಿಸುತ್ತಿತ್ತು. ತಾಯಿಯಿಂದ ಬಂದ ಎಳೆಯನ್ನೂ ತಂದೆಯಿಂದ ಬಂದ ಎಳೆಯನ್ನೂ ಅದು ಕತ್ತರಿಸಿರಲಿಲ್ಲ.

ಅಕ್ಕನನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ.

“ಅಕ್ಕ, ಇಲ್ಲಿ ಕಟ್ ಆಗಬೇಕಾಗಿತ್ತು.”

“ಹಂಗಂದ್ರ?”

“ಈ ಕೂಸಿಗೂ ಅದೇ ಬ್ಯಾನಿ ಐತಿ.”

ಅವಳು ಅಳಲಿಲ್ಲ. ವರದಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಓದಲು ಬಾರದ ಇಂಗ್ಲಿಷ್ ಸಾಲುಗಳ ಮೇಲೆ ಬೆರಳಾಡಿಸಿದಳು. “ಅವರೆಲ್ಲಾ ಪೇಡೆ ತಿನ್ನಾಕತ್ತಾರಲ್ಲಾ” ಎಂದಳು.

ಮಾವ ದೇವರ ಮೇಲೆ ಭಾರ ಹಾಕೋಣ ಎಂದ. ಅವ್ವನೂ ಹಾಗೇ ಅಂದಳು. ಅಕ್ಕ ಒಪ್ಪಲಿಲ್ಲ. “ಒಬ್ಬಾಕಿಗೆ ಚುಚ್ಚೂದು ಆರ ವರ್ಷದಿಂದ ನೋಡಾಕತ್ತೇನಿ. ಇನ್ನೊಂದನ್ನ ಹಡದು ಚುಚ್ಚಸಾಕ ನನ್ನ ಕೈಲೆ ಆಗೂದಿಲ್ಲ” ಎಂದಳು. ಹುಬ್ಬಳ್ಳಿಯಲ್ಲಿ ಗರ್ಭ ತೆಗೆಸಿದ ಮೇಲೆ ಎಂಟು ದಿನ ನನ್ನ ಮನೆಯಲ್ಲಿದ್ದಳು. ಅವ್ವ ನೋಡಲು ಬರಲಿಲ್ಲ.

ಒಂದು ಬೆಳಿಗ್ಗೆ ಅವಳಿಗೆ ಗಂಜಿ ಕೊಡುತ್ತಾ, ಮದುವೆಯ ಮೊದಲು ನಾನು ನುಂಗಿಕೊಂಡಿದ್ದ ಮಾತನ್ನು ಹೇಳಿಬಿಟ್ಟೆ.

“ಹೇಳಿದ್ರೂ ಆಗ ಯಾರ ಕೇಳತಿದ್ರು, ಬಿಡು” ಎಂದಳು. ಗಂಜಿ ಅರ್ಧ ಕುಡಿದು ಲೋಟ ಕೆಳಗಿಟ್ಟಳು. “ಆದ್ರೂ ನೀ ಹೇಳಬೇಕಾಗಿತ್ತು.”

ನಾನು ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಹೋದ ವರ್ಷ ಅವ್ವನ ತಂಗಿ, ಹಿರೇಕೆರೂರಿನ ಚಿಕ್ಕವ್ವ, ತನ್ನ ಮಗಳನ್ನು ಅವರ ಕೊನೆಯ ತಮ್ಮನಿಗೇ ಕೊಡುತ್ತಾಳೆಂಬ ಸುದ್ದಿ ಬಂತು. ಅಕ್ಕ ನನ್ನನ್ನು ಕರೆದುಕೊಂಡು ಅಲ್ಲಿಗೆ ಹೋದಳು. ನಡುಮನೆಯಲ್ಲಿ ಎಲ್ಲರೂ ಕುಳಿತಿದ್ದಾಗ, “ಚಿಕ್ಕವ್ವಾ, ಸಿಟ್ಟಿಗೇಳಬ್ಯಾಡ. ಇಬ್ಬರದೂ ಮೊದಲ ರಕ್ತ ತೋರಸ್ರಿ” ಎಂದಳು.

ಚಿಕ್ಕವ್ವ ಎದ್ದು ನಿಂತಳು. “ನಿನ್ನ ಹಣೇಬಾರ ನನ್ನ ಮಗಳಿಗೆ ಹಚ್ಚಾಕ ಬಂದೀಯೇನು?”

ಅಕ್ಕ ಕದಲಲಿಲ್ಲ. ಹೆದರಿ ಬಾಗಿಲ ಬಳಿ ನಿಂತಿದ್ದ ಆ ಹುಡುಗಿಯನ್ನೇ ನೋಡಿ, ಹುಬ್ಬಳ್ಳಿಯಲ್ಲಿ ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು ಎಂಬುದನ್ನೆಲ್ಲ ನಿಧಾನವಾಗಿ ಹೇಳಿದಳು. ಆಮೇಲೆ ನಾವು ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆವು.

ಅವರು ಪರೀಕ್ಷೆ ಮಾಡಿಸಿದರೋ ಇಲ್ಲವೋ ನಮಗೆ ಗೊತ್ತಾಗಲಿಲ್ಲ. ಮದುವೆಗೆ ನಮ್ಮಿಬ್ಬರನ್ನೂ ಕರೆಯಲಿಲ್ಲ.