ಒಪ್ಪಂದದ ಫೈನಲ್

ಅಮೆರಿಕದ ಕಾಲೇಜು ಫುಟ್‌ಬಾಲಿನ ಬಗ್ಗೆ ನನಗಿರುವಷ್ಟು ತಿಳಿವಳಿಕೆ, ನಾನು ನೆಲೆಸಿರುವ ಈ ಪರದೇಶದ ಊರು ಲೂಕನ್ನಿನಲ್ಲಿ ಇನ್ನೊಬ್ಬ ಕನ್ನಡಿಗನಿಗೆ ಇರಲಾರದು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಆ ತಿಳಿವಳಿಕೆ ಇಲ್ಲದಿದ್ದರೆ, ನಾನು ಮಾಡಿದ್ದು ಗೊತ್ತಿಲ್ಲದೆ ಆದ ತಪ್ಪು ಎಂದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು.

ಕೊರೊನಾದ ಮೊದಲ ಚಳಿಗಾಲ. ಮಲಗುವ ಕೋಣೆಯ ಮೂಲೆಯಲ್ಲಿದ್ದ ಇಸ್ತ್ರಿ ಟೇಬಲ್ಲೇ ನನ್ನ ಆಫೀಸು. ಇಲ್ಲಿ ಸಂಜೆಯಾಗಿ ಅಲ್ಲಿ ಬೆಳಗಾಗುವ ಹೊತ್ತಿಗೆ ಅಮೆರಿಕದಲ್ಲಿದ್ದ ನಮ್ಮ ಟೀಮ್ ಲೀಡ್ ಜೊತೆ ವಿಡಿಯೊ ಕಾಲ್ ಇರುತ್ತಿತ್ತು. ಉಳಿದವರು ಬರುವವರೆಗಿನ ಹತ್ತು ನಿಮಿಷ ಆತ ಕೆಲಸದ ಮಾತೇ ಎತ್ತುತ್ತಿರಲಿಲ್ಲ. ಅವನು ಓದಿದ ಕಾಲೇಜಿನ ತಂಡ ಆ ವರ್ಷ ಆಡಿದ ಅಷ್ಟೂ ಆಟ ಗೆದ್ದಿತ್ತು. ಆದರೂ ಕೊನೆಯ ನಾಲ್ಕರಲ್ಲಿ ಅದಕ್ಕೆ ಜಾಗ ಸಿಕ್ಕಿರಲಿಲ್ಲ. ಆ ಸಂಕಟ ತೋಡಿಕೊಳ್ಳಲು ಅವನಿಗೊಬ್ಬ ಕೇಳುಗ ಬೇಕಿತ್ತು. ನನಗೆ ಬಡ್ತಿಯ ಆಸೆಯಿತ್ತು. ಕಿವಿಗೊಟ್ಟೆ.

ಅವನು ವಿವರಿಸಿದ್ದು ಇಷ್ಟು. ಅಲ್ಲಿನ ಕಾಲೇಜು ತಂಡಗಳು ಕಾನ್ಫರೆನ್ಸ್ ಎಂಬ ಗುಂಪುಗಳಲ್ಲಿ ಆಡುತ್ತವೆ. ಹೊಸ ವರ್ಷದ ಆಸುಪಾಸಿನಲ್ಲಿ ಬೌಲ್ ಎಂದು ಕರೆಯುವ ದೊಡ್ಡ ಪಂದ್ಯಗಳು ನಡೆಯುತ್ತವೆ. ಯಾವ ಗುಂಪಿನಲ್ಲಿ ಗೆದ್ದವರು ಯಾವ ಬೌಲ್‌ನಲ್ಲಿ ಆಡಬೇಕು ಎಂಬುದಕ್ಕೆ ಮೊದಲೇ ಬರೆದಿಟ್ಟ ಒಪ್ಪಂದಗಳಿವೆ. ದೊಡ್ಡ ಗುಂಪಿನವರಿಗೆ ದೊಡ್ಡ ಪಂದ್ಯ, ಸಣ್ಣವರಿಗೆ ಸಣ್ಣದು. ಹೆಚ್ಚು ಜನ ಸೇರಿಸುವ, ಊರಿನ ಹೋಟೆಲುಗಳನ್ನು ತುಂಬಿಸುವ ತಂಡ ಬಂದರೆ ನಡೆಸುವವರಿಗೆ ಖುಷಿ. ದೇಶಕ್ಕೆಲ್ಲ ಮೊದಲಿಗರು ಯಾರೆಂಬುದನ್ನು ಪತ್ರಕರ್ತರೂ ಕೋಚ್‌ಗಳೂ ವೋಟು ಹಾಕಿ ಹೇಳುತ್ತಿದ್ದರಂತೆ. ವರ್ಷಾನುಗಟ್ಟಲೆ ಜಗಳವಾಡಿ ಕೊನೆಗೂ ನಾಲ್ಕು ತಂಡಗಳ ಪ್ಲೇಆಫ್ ತಂದರು. ಆದರೆ ಆ ನಾಲ್ಕನ್ನು ಆರಿಸುವುದೂ ಒಂದು ಕಮಿಟಿ. ಸಣ್ಣ ಗುಂಪಿನವರು ಎಲ್ಲವನ್ನೂ ಗೆದ್ದರೂ ಹೊರಗೇ.

ಬಡ್ತಿಯ ಆಸೆಗೆ ಕೇಳಲು ಕೂತವನಿಗೆ ನಿಜವಾಗಿಯೂ ಸಿಟ್ಟು ಬಂತು. ಲಾಕ್‌ಡೌನಿನ ಒಂದು ಇಡೀ ಶನಿವಾರ ಕೂತು, ಹನ್ನೆರಡು ತಂಡಗಳ ಪ್ಲೇಆಫ್ ಹೇಗಿರಬೇಕೆಂದು ಸ್ಲೈಡ್‌ಗಳನ್ನು ಮಾಡಿದೆ. ಮುಂದಿನ ಶುಕ್ರವಾರದ ಹರಟೆ ಮೀಟಿಂಗಿನಲ್ಲಿ ತೋರಿಸಿದೆ. ಮೈದಾನದಲ್ಲಿ ಗೆದ್ದವನನ್ನು ಕಾಗದ ತೋರಿಸಿ ಹೊರಗಿಡುವುದು ಹೇಡಿತನ ಎಂದು ಕೊನೆಯ ಸ್ಲೈಡಿನಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದೆ. ಪರದೆಯ ತುಂಬ ಅಮೆರಿಕದವರು ಚಪ್ಪಾಳೆ ತಟ್ಟಿದರು. ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಇಷ್ಟೆಲ್ಲ ನ್ಯಾಯ ಮಾತಾಡಿದ ನಾನು ಆಗ ಇಲ್ಲಿನ ಕನ್ನಡಿಗರ ಕ್ರಿಕೆಟ್ ಟೂರ್ನಮೆಂಟಿನ ಕಾರ್ಯದರ್ಶಿ. ಟೆನ್ನಿಸ್ ಬಾಲು, ತಂಡಕ್ಕೆ ಎಂಟು ಜನ. ಟೂರ್ನಮೆಂಟ್ ಹುಟ್ಟಿದಾಗ ಇದ್ದದ್ದು ತಲಾ ನಾಲ್ಕಾರು ತಂಡಗಳ ಎರಡೇ ಗುಂಪು: ಲೂಕನ್ನಿನ ಸಾಫ್ಟ್‌ವೇರಿನವರು, ಪಕ್ಕದ ಊರು ಲೀಕ್ಸ್‌ಲಿಪ್ಪಿನ ಚಿಪ್ ಎಂಜಿನಿಯರುಗಳು. ಹಾಗಾಗಿ ಈ ಗುಂಪಿನ ಮೊದಲಿಗರಿಗೂ ಆ ಗುಂಪಿನ ಮೊದಲಿಗರಿಗೂ ಫೈನಲ್ ಎಂದು ಹಿರಿಯರು ಒಪ್ಪಂದ ಬರೆದಿಟ್ಟರು. ಆಮೇಲೆ ದೂರದ ಊರುಗಳ ತಂಡಗಳೂ ಸೇರಿದವು. ಅವರಿಗೆ ಹೊರವಲಯ ಎಂಬ ಬೇರೆ ಗುಂಪು ಮಾಡಿದೆವು. ಫೈನಲ್ ದಿನ ಬೆಳಿಗ್ಗೆ ಅವರದೊಂದು ಸ್ನೇಹಪಂದ್ಯ, ಅದಕ್ಕೊಂದು ಪುಟ್ಟ ಟ್ರೋಫಿ. ಸಂಸಾರ ಸಮೇತ ಜನ ಬರುತ್ತಿದ್ದದ್ದು ಮಧ್ಯಾಹ್ನದ ಲೂಕನ್–ಲೀಕ್ಸ್‌ಲಿಪ್ ಜಿದ್ದಾಜಿದ್ದಿಗೆ. ಒಪ್ಪಂದವನ್ನು ಯಾರೂ ಮುಟ್ಟಲಿಲ್ಲ.

ಕೊರೊನಾದ ಎರಡನೆಯ ಬೇಸಿಗೆಯಲ್ಲಿ ನಿರ್ಬಂಧ ಸಡಿಲವಾಗಿ ಆಟ ಮತ್ತೆ ಶುರುವಾಯಿತು. ಜನ ಹೆಚ್ಚು ಸೇರುವಂತಿಲ್ಲ ಎಂದು ಸ್ನೇಹಪಂದ್ಯವನ್ನು ಕೈಬಿಟ್ಟಿದ್ದೆವು. ಆ ವರ್ಷ ಹೊರವಲಯದಲ್ಲಿ ವಾಟರ್‌ಫರ್ಡ್ ತಂಡ ಒಂದೂ ಪಂದ್ಯ ಸೋಲಲಿಲ್ಲ. ಎಂಟು ಜನರೂ ಆಸ್ಪತ್ರೆಯ ನರ್ಸುಗಳು, ಮಂಗಳೂರು, ಉಡುಪಿ ಕಡೆಯವರು. ಒಂದು ಅಭ್ಯಾಸ ಪಂದ್ಯಕ್ಕೆಂದು ಬಂದು ಲೂಕನ್ ಗುಂಪಿನಲ್ಲಿ ಮೊದಲು ನಿಂತಿದ್ದ ನಮ್ಮ ತಂಡವನ್ನು ಸುಲಭವಾಗಿ ಸೋಲಿಸಿ ಹೋಗಿದ್ದರು. ಅವರ ಕ್ಯಾಪ್ಟನ್ ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಮಾತು ಮೆದು. ಫೈನಲ್‌ಗೆ ಮೂರು ವಾರ ಇರುವಾಗ ನನಗೆ ಫೋನ್ ಮಾಡಿದರು.

"ಒಂದೇ ಒಂದು ಬೇಡಿಕೆ ಮಾರಾಯ್ರೆ. ಬೆಳಿಗ್ಗೆ ಒಂದು ಸೆಮಿಫೈನಲ್ ಇಡಿ. ಫೈನಲ್‌ಗೆ ಬಂದ ಎರಡು ತಂಡದಲ್ಲಿ ಪಾಯಿಂಟ್ ಕಡಿಮೆ ಇರುವವರ ಜೊತೆ ಆಡ್ತೇವೆ. ಸೋತರೆ ಊಟ ಮಾಡಿ ಹೋಗ್ತೇವೆ."

"ಎಲ್ಲರಿಗೂ ರಜೆ ಸಿಗತ್ತಾ?"

"ಮಾಡಿ ಆಗಿದೆ. ಎಂಟು ಜನರದ್ದೂ ಡ್ಯೂಟಿ ಅದಲುಬದಲು ಮಾಡಿದ್ದೇವೆ. ಕ್ರಿಸ್‌ಮಸ್‌ಗೆ ನಾವೇ ಡ್ಯೂಟಿ ಮಾಡ್ತೇವೆ ಅಂತ ಒಪ್ಪಿಕೊಂಡಿದ್ದಾರೆ ನಮ್ಮವರು. ನಾನು ಸೆಪ್ಟೆಂಬರಿಗೆ ಆಸ್ಟ್ರೇಲಿಯಾಕ್ಕೆ ಹೊರಟೆ. ಒಂದು ಸಲ ಆ ಮಧ್ಯಾಹ್ನದ ಆಟ ಆಡಿ ಹೋಗಬೇಕು ಅಂತ ಆಸೆ ಉಂಟು."

ಕಮಿಟಿಗೆ ಹೇಳುತ್ತೇನೆ ಎಂದೆ. ಹೇಳಲಿಲ್ಲ. ಎರಡು ತಂಡಗಳಲ್ಲಿ ಪಾಯಿಂಟ್ ಕಡಿಮೆ ಇದ್ದದ್ದು ನಮ್ಮದು. ಎಂಟು ವರ್ಷ ಆಡಿದ ಮೇಲೆ ಮೊದಲ ಸಲ ನನಗೆ ಫೈನಲ್ ಸಿಕ್ಕಿತ್ತು. ಸೆಮಿಫೈನಲ್ ಇಟ್ಟರೆ ಬೆಳಿಗ್ಗೆಯೇ ಸೋತು, ಮಧ್ಯಾಹ್ನ ಹೆಂಡತಿ ಮಗಳ ಪಕ್ಕ ಕೂತು ಬೇರೆಯವರ ಫೈನಲ್ ನೋಡಬೇಕಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಕಮಿಟಿಯ ಅಧ್ಯಕ್ಷರು, ಎಲ್ಲರೂ ಅಣ್ಣ ಎನ್ನುವ ಹಿರಿಯರು, ಮೈದಾನದ ವಿಷಯಕ್ಕೆ ಫೋನ್ ಮಾಡಿದಾಗ, "ವಾಟರ್‌ಫರ್ಡಿನವರು ಚೆನ್ನಾಗಿ ಆಡ್ತಾವ್ರೆ ಕಣಪ್ಪ, ಏನಾದ್ರೂ ಮಾಡೋಣ್ವಾ?" ಎಂದು ಅವರಾಗಿಯೇ ಕೇಳಿದರು. "ಅವ್ರಿಗೆ ಡ್ಯೂಟಿ ಐತಂತೆ ಅಣ್ಣ, ಬರೋಕಾಗಲ್ವಂತೆ" ಎಂದುಬಿಟ್ಟೆ. ಎಷ್ಟು ಸಲೀಸಾಗಿ ಬಂತು ಆ ಮಾತು.

ಎರಡು ದಿನ ಬಿಟ್ಟು ಕ್ಯಾಪ್ಟನ್‌ಗೆ ಫೋನ್ ಮಾಡಿದೆ. ನಿಯಮ ಇದೆ, ಹಿರಿಯರ ಒಪ್ಪಂದ, ಮಧ್ಯದಲ್ಲಿ ಬದಲಾಯಿಸಲಾಗದು ಎಂದೆ.

"ಒಪ್ಪಂದ ನಾವೇ ಮಾಡಿದ್ದಲ್ವಾ, ನಾವೇ ಬದಲಾಯಿಸಬಹುದಲ್ಲ ಮಾರಾಯ್ರೆ?"

ಅದೇ ಮಾತನ್ನು ಆರು ತಿಂಗಳ ಹಿಂದೆ ಅಮೆರಿಕದವರಿಗೆ ಸ್ಲೈಡ್ ಹಾಕಿ ಹೇಳಿದವನು ನಾನು. ಅಲ್ಲಿಗಾದರೂ ನಿಲ್ಲಿಸಬೇಕಿತ್ತು.

"ಅದಲ್ದೆ ಈ ಸಲ ಮಕ್ಕಳು, ವಯಸ್ಸಾದೋರು ಎಲ್ಲ ಬರ್ತಾರೆ" ಎಂದೆ. "ನೀವೆಲ್ಲ ಕೋವಿಡ್ ವಾರ್ಡಲ್ಲಿ ಕೆಲಸ ಮಾಡೋರು. ತಪ್ಪು ತಿಳ್ಕೋಬೇಡಿ. ಕೆಲವರಿಗೆ ಸ್ವಲ್ಪ ಭಯ ಐತೆ."

ಯಾರಿಗೂ ಭಯವಿರಲಿಲ್ಲ. ಯಾರೂ ಹಾಗೆ ಅಂದಿರಲಿಲ್ಲ. ನಮಗೆಲ್ಲರಿಗಿಂತ ಎಷ್ಟೋ ಮೊದಲೇ ಅವರಿಗೆ ಲಸಿಕೆ ಆಗಿತ್ತು. ಹಿಂದಿನ ವರ್ಷ ಇಡೀ ಬೀದಿಯೇ ಬಾಗಿಲಿಗೆ ಬಂದು ನರ್ಸುಗಳಿಗಾಗಿ ಚಪ್ಪಾಳೆ ತಟ್ಟಿದಾಗ ನಾನೂ ಮಗಳನ್ನು ಪಕ್ಕ ನಿಲ್ಲಿಸಿಕೊಂಡು ತಟ್ಟಿದ್ದೆ. ಈ ಸಾಲುಗಳನ್ನು ಬರೆಯುವಾಗ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ.

ಕ್ಯಾಪ್ಟನ್ ಕೇಳಿದರು, "ಕಮಿಟಿಯವರು ಎಲ್ಲರೂ ಹಾಗೆ ಹೇಳಿದ್ರಾ?"

"ಹೂಂ. ಎಲ್ಲರೂ."

"ಗ್ರ್ಯಾಂಡ್, ಗ್ರ್ಯಾಂಡ್" ಎಂದರು, ತೊಂದರೆಯಿಲ್ಲ ಎನ್ನುವುದಕ್ಕೆ ಇಲ್ಲಿನವರು ಹೇಳುವ ಹಾಗೆ. "ಆಟ ಚೆನ್ನಾಗಿ ಆಗಲಿ." ಫೋನ್ ಇಟ್ಟರು.

ಯಾರಾದರೂ ನೇರವಾಗಿ ಅವರನ್ನೇ ಕೇಳುವ ಮೊದಲು, ಅಣ್ಣನಿಗೆ ಹೇಳಿದ ಸುಳ್ಳನ್ನು ಇನ್ನು ಊರಿಗೆಲ್ಲ ಹೇಳಬೇಕಾಯಿತು. ಎಲ್ಲ ತಂಡಗಳೂ ಇದ್ದ ವಾಟ್ಸಾಪ್ ಗುಂಪಿನಲ್ಲಿ, ಸೆಮಿಫೈನಲ್ ನಡೆಸುವ ಯೋಚನೆಯಿತ್ತು, ಆದರೆ ಡ್ಯೂಟಿಯ ಕಾರಣ ವಾಟರ್‌ಫರ್ಡ್ ಗೆಳೆಯರಿಗೆ ಬರಲಾಗುತ್ತಿಲ್ಲ, ಅವರ ಸೇವೆಗೆ ನಮ್ಮ ನಮನ ಎಂದು ಬರೆದೆ. ಕೈಮುಗಿಯುವ ಚಿತ್ರವನ್ನೂ ಹಾಕಿದೆ. ಈಗ ಕ್ಯಾಪ್ಟನ್ ಎಲ್ಲರೆದುರು ನನ್ನ ಬಣ್ಣ ಬಯಲು ಮಾಡುತ್ತಾರೆ ಎಂದು ಮೊಬೈಲನ್ನೇ ನೋಡುತ್ತ ಕೂತೆ. ಅವರು ಬರೆದದ್ದು ಒಂದೇ ಪದ: ಕ್ಷಮಿಸಿ.

ಕ್ಷಮೆ ಕೇಳಿದ್ದು ಅವರು! ನಾನು ಮೊಬೈಲ್ ಮಗುಚಿಟ್ಟು ನಿಟ್ಟುಸಿರು ಬಿಟ್ಟೆ. ಬದುಕಿದೆ ಎಂದುಕೊಂಡೆ.

ಫೈನಲ್ ಗೆದ್ದೆವು. ನನಗೆ ಎರಡು ವಿಕೆಟ್. ಸೋಮವಾರದ ಕಾಲ್‌ನಲ್ಲಿ ಕ್ಯಾಮೆರಾದ ಮುಂದೆ ಟ್ರೋಫಿ ಹಿಡಿದು ತೋರಿಸಿದಾಗ ಟೀಮ್ ಲೀಡ್ ನಗುತ್ತ, "ನಿಮ್ಮಲ್ಲಾದರೂ ಪ್ಲೇಆಫ್ ಇತ್ತು ತಾನೇ?" ಎಂದು ಕೇಳಿದ. ಕೊರೊನಾ, ಈ ವರ್ಷ ಆಗಲಿಲ್ಲ ಎಂದೆ. ಆ ಎರಡು ವರ್ಷ ಯಾವ ಸುಳ್ಳನ್ನಾದರೂ ಕೊರೊನಾದ ಹೆಸರಿನಲ್ಲಿ ದಾಟಿಸಬಹುದಿತ್ತು.

ಮುಂದಿನ ವರ್ಷ ನಾನೇ ಮುಂದೆ ನಿಂತು ಒಪ್ಪಂದವನ್ನು ರದ್ದು ಮಾಡಿಸಿದೆ. ಹನ್ನೆರಡು ತಂಡದ ಸ್ಲೈಡುಗಳನ್ನು ನಾಲ್ಕಕ್ಕೆ ಇಳಿಸಿ ಸಭೆಯಲ್ಲಿ ತೋರಿಸಿದೆ. ಯಾವ ಗುಂಪಿನವರಾದರೂ ಸರಿ, ಮೊದಲ ನಾಲ್ಕು ತಂಡಗಳಿಗೆ ಸೆಮಿಫೈನಲ್. ಅಣ್ಣ ಎದ್ದು ನಿಂತು, "ಇಷ್ಟು ವರ್ಷದ ಅನ್ಯಾಯ ಸರಿ ಮಾಡ್ದ ನಮ್ ಹುಡುಗ" ಎಂದು ಬೆನ್ನು ತಟ್ಟಿದರು. ತಟ್ಟಿಸಿಕೊಂಡೆ. ಪ್ರಾಯಶ್ಚಿತ್ತ ಮುಗಿಯಿತು ಎಂದೇ ನಂಬಿದ್ದೆ.

ವಾಟರ್‌ಫರ್ಡಿನವರು ಸೆಮಿಫೈನಲ್‌ಗೆ ಬಂದರು. ಆದರೆ ಹಳೆಯ ಎಂಟರಲ್ಲಿ ಉಳಿದಿದ್ದವರು ಮೂವರೇ. ಕ್ಯಾಪ್ಟನ್ ಆಸ್ಟ್ರೇಲಿಯಾಕ್ಕೆ ಹೋಗಿಯಾಗಿತ್ತು, ಉಳಿದವರು ಬೇರೆ ಬೇರೆ ಊರು ಸೇರಿದ್ದರು. ಹೊಸಬರನ್ನು ಕಟ್ಟಿಕೊಂಡು ಆಡಿ ಹೀನಾಯವಾಗಿ ಸೋತರು. ಊಟದ ಟೇಬಲ್ಲಿನಲ್ಲಿ ನಾನು ಬಡಿಸಲು ನಿಂತಿದ್ದಾಗ ಅವರ ಹಳೆಯ ವಿಕೆಟ್‌ಕೀಪರ್ ತಟ್ಟೆ ಹಿಡಿದು ಬಂದರು.

"ಹೋದ ವರ್ಷ ಬರಬೇಕಿತ್ತು ನಾವು" ಎಂದರು. "ಆಗ ತಂಡ ಇತ್ತು. ನೀವು ಸೆಮಿಫೈನಲ್ ಕೊಡ್ತೇವೆ ಅಂದ್ರೂ ನಮ್ಮ ಕ್ಯಾಪ್ಟನ್‌ಗೆ ಒಬ್ಬರಿಗೇ ರಜೆ ಸಿಗಲಿಲ್ಲ ನೋಡಿ."

"ಅವರೇ ಹಾಗಂದ್ರಾ?"

"ಹೌದು ಮಾರಾಯ್ರೆ. ಗ್ರೂಪಲ್ಲಿ ನಿಮ್ಮ ಮೆಸೇಜ್ ನೋಡಿ ಎಲ್ಲರೂ ಕೇಳಿದೆವು, ಯಾರಿಗೆ ಡ್ಯೂಟಿ ಅಂತ. ನನ್ನದೇ ತಪ್ಪು, ನನ್ನ ಡ್ಯೂಟಿ ಬದಲಾಗಲಿಲ್ಲ ಅಂದ್ರು. ನಾವು ಏಳು ಜನ ಕ್ರಿಸ್‌ಮಸ್ ಬಿಟ್ಟು ಕೂತಿದ್ದೆವು. ನನಗಂತೂ ಎಷ್ಟು ಸಿಟ್ಟು ಬಂತು ಅಂದ್ರೆ, ಅವರು ಹೋಗುವಾಗ ಏರ್‌ಪೋರ್ಟಿಗೂ ಹೋಗ್ಲಿಲ್ಲ. ಈಗಲೂ ಮಾತಿಲ್ಲ."

ಕ್ಯಾಪ್ಟನ್ ಯಾಕೆ ಹಾಗೆ ಹೇಳಿದರೆಂದು ತಿಳಿಯಲು ನನಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ನಮ್ಮನ್ನು ಕಂಡರೆ ಇಲ್ಲಿನ ಕನ್ನಡಿಗರಿಗೇ ಭಯವಂತೆ ಎಂದು, ಅಂಥ ವರ್ಷ ಕಳೆದು ಬಂದ ಏಳು ಜನರ ಮುಖ ನೋಡಿ ಹೇಳಲು ಅವರಿಗೆ ಮನಸ್ಸಾಗಿಲ್ಲ. ನನ್ನ ಸುಳ್ಳನ್ನು ತಮ್ಮ ತಲೆಯ ಮೇಲೆ ಹೊತ್ತು, ತಮ್ಮವರ ಸಿಟ್ಟನ್ನೂ ಹೊತ್ತು ಹೋಗಿದ್ದಾರೆ.

ಆಗಲೇ ಹೇಳಬಹುದಿತ್ತು. ಎದುರಿಗಿದ್ದವರು ಒಬ್ಬರೇ, ಹೇಳಬೇಕಿದ್ದದ್ದು ಎರಡೇ ವಾಕ್ಯ. ಆದರೆ ನಾಲ್ಕು ಹೆಜ್ಜೆ ಆಚೆ ಅಣ್ಣ ಕೂತು ಊಟ ಮಾಡುತ್ತಿದ್ದರು. ನನ್ನ ಮಗಳು ನೀರು ಕೊಡುತ್ತಿದ್ದಳು.

"ಛೆ," ಎಂದೆ ನಾನು, "ಅವ್ರಿಗೊಂದು ರಜೆ ಸಿಕ್ಕಿದ್ರೆ ಎಷ್ಟು ಚೆನ್ನಾಗಿರ್ತಿತ್ತು."