ಕಾಲು ಮಡಚದ ಜವರಮ್ಮ

ಜವರಮ್ಮ ನಮ್ಮ ಮನೆಯ ಹಾಲ್‌ನಲ್ಲಿ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕಾಲು ನೀಡಿಕೊಂಡು ಕೂರುತ್ತಿದ್ದರು. ಯಾರು ಬಂದರೂ ಮಡಚುತ್ತಿರಲಿಲ್ಲ. ಆ ಕಾಲುಗಳ ಮೇಲೆ ನನ್ನ ಪುಟ್ಟ ಮಗಳು, ನಿತ್ಯ ಅಂತ ಅವಳ ಹೆಸರು, ಮಲಗಿರುತ್ತಿದ್ದಳು. ಅರಕಲಗೂಡಿನಿಂದ ಬಂದ ನನ್ನ ದೊಡ್ಡತ್ತೆ ಒಮ್ಮೆ, "ದೊಡ್ಡೋರು ಬಂದ್ರೂ ಕಾಲು ಎಳ್ಕಳಲ್ವಲ್ಲ ಇವ್ಳು" ಅಂತ ಅವರಿಗೆ ಕೇಳುವ ಹಾಗೆ ನನಗೆ ಹೇಳಿದರು.

"ಎಳ್ಕಂಡ್ರೆ ಮಗ ಎದ್ಬುಡ್ತದೆ ಕಣವ್ವ," ಅಂದರು ಜವರಮ್ಮ. "ದೊಡ್ಡೋರು ನೀವು, ಅತ್ಲಾಗಿಂದ ಸುತ್ಕಂಡೋಗಿ."

ದೊಡ್ಡತ್ತೆ ಸೋಫಾ ಸುತ್ತಿಕೊಂಡು ಅಡುಗೆಮನೆಗೆ ಹೋದರು.

ನನ್ನ ಹೆಂಡತಿ ರೇಖಾ ಹಾಸನದಲ್ಲಿ ನರ್ಸ್. ನನ್ನದು ಅಲ್ಲೇ ಸಿಸಿಟಿವಿ ಕ್ಯಾಮೆರಾ ಮಾರುವ, ಮನೆಗಳಿಗೆ ಹೋಗಿ ಕೂರಿಸುವ ಸಣ್ಣ ಅಂಗಡಿ. ರೇಖಾಳ ಹೆರಿಗೆ ರಜೆ ಮುಗಿದಾಗ, ಮನೆಗೇ ಬಂದು ಮಗು ನೋಡಿಕೊಳ್ಳುವವರು ದುದ್ದದಲ್ಲಿದ್ದಾರೆ ಅಂತ ಯಾರೋ ಹೇಳಿದರು. ಹಾಗೆ ಬಂದ ಜವರಮ್ಮನನ್ನು ನಾವು ವಿಚಾರಿಸಬೇಕು ಅಂತಿದ್ದರೆ ಅವರೇ ನಮ್ಮನ್ನು ವಿಚಾರಿಸಿದರು.

"ಮಗ ಅತ್ರೆ ಯಾರು ಮೊದ್ಲು ಏಳಾದು?"

ರೇಖಾ ನನ್ನ ಮುಖ ನೋಡಿದಳು.

"ಗೊತ್ತಾಯ್ತು ಬುಡಿ. ಎಂಟು ದಿವ್ಸ ಬತ್ತೀನಿ. ಮಗ ಒಪ್ಪಿದ್ರೆ ಇರ್ತೀನಿ. ನೀವು ಒಪ್ಪಾದು ಆಮ್ಯಾಕೆ."

ದಿನಾ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತಿದ್ದರು. ಕಾಲು ತೊಳೆದು, ಅಂಗೈ ಉಜ್ಜಿ, ತಮ್ಮ ಕೆನ್ನೆಗೇ ಇಟ್ಟುಕೊಂಡು ಬಿಸಿ ನೋಡಿದ ಮೇಲೆಯೇ ಮಗುವನ್ನು ಮುಟ್ಟುತ್ತಿದ್ದರು. ಹತ್ತು ಗಂಟೆಗೆ ಕಿಟಕಿಯ ಬಿಸಿಲು ಹಾಲ್‌ಗೆ ಬರುತ್ತದೆ. ಆಗ ನಾವಿಬ್ಬರೂ ಇರುತ್ತಿರಲಿಲ್ಲ. ಬಾಗಿಲು ಹಾಕಿಕೊಂಡು, ಸೀರೆಯನ್ನು ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿ, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚುತ್ತಿದ್ದರು.

ಆ ಹಾಲ್‌ನ ಮೂಲೆಯಲ್ಲಿ ನಾನು ಒಂದು ಕ್ಯಾಮೆರಾ ಕೂರಿಸಿದೆ. ಹೇಳಿಯೇ ಕೂರಿಸಿದೆ. "ನೋಡ್ಕಳಿ, ನಿಮ್ ಮಗ," ಅಂದರು. ತಪ್ಪು ಮಾಡಿದ್ದು ಆಮೇಲೆ. ಅಂಗಡಿಗೆ ಬಂದ ಗಿರಾಕಿ, ಚೆನ್ನಾಗಿ ಕಾಣುತ್ತಾ ಅಂತ ಕೇಳಿದರೆ ನಾನು ಫೋನ್ ತೆಗೆದು ನಮ್ಮ ಮನೆಯನ್ನೇ ತೋರಿಸುತ್ತಿದ್ದೆ. "ನೋಡಿ ಸಾರ್, ಎಣ್ಣೆ ಮಿಂಚೋದೂ ಕಾಣುತ್ತೆ" ಅನ್ನುತ್ತಿದ್ದೆ. ಒಂದು ಸಲ ಅಲ್ಲ, ಎಷ್ಟೋ ಸಲ.

ಒಂದು ದಿನ ಫೋನಿನಲ್ಲಿ ಮಗುವಿನ ಟವೆಲ್ ಬಿಟ್ಟು ಏನೂ ಕಾಣಲಿಲ್ಲ. ಜವರಮ್ಮ ಅದನ್ನು ಕ್ಯಾಮೆರಾ ಮೇಲೆ ಎಸೆದಿದ್ದರು. ಕರೆ ಮಾಡಿ ಯಾಕೆ ಅಂತ ಕೇಳಿದೆ.

"ನೀನ್ ನೋಡು ಅಂದಿದ್ದೆ ಕಣಪ್ಪ. ಊರ್ಗೆಲ್ಲ ತೋರ್ಸು ಅಂದಿದ್ನಾ? ನಮ್ಮೂರ್ ಬಸ್‌ಸ್ಟಾಂಡಲ್ಲಿ ನಿನ್ ಅಂಗ್ಡಿಗೆ ಬಂದಿದ್ದೋನೊಬ್ಬ ನಿಂತ್ಕಂಡು ಕೇಳ್ತಾನೆ, ಜವರಮ್ಮ, ಯಾವ್ ಎಣ್ಣೆ ಹಚ್ಕತೀಯ, ಕಾಲು ಫಳಫಳ ಅಂತಿತ್ತಲ್ಲ ಅಂತ."

ನಾನು ಅಲ್ಲಿಗೇ ತಪ್ಪಾಯ್ತು ಅನ್ನಬೇಕಿತ್ತು. "ನನ್ನ ಮನೆ, ನನ್ನ ಕ್ಯಾಮೆರಾ" ಅಂದೆ.

"ಅಂಗಾರೆ ಮಗೀನೂ ನೀನೇ ಎತ್ಕೋ."

ಸಂಜೆ ರೇಖಾ ಬರುವ ತನಕ ಇದ್ದು, ಮಗುವನ್ನು ಅವಳ ಕೈಗೆ ಕೊಟ್ಟು ಹೋದರು. ಮೂರು ದಿನ ಬರಲಿಲ್ಲ. ನಿತ್ಯ ಯಾರ ಕೈಯಲ್ಲೂ ನಿದ್ದೆ ಮಾಡಲಿಲ್ಲ. ನಡೆದದ್ದನ್ನು ರೇಖಾ ನನ್ನ ಬಾಯಿಂದಲೇ ಕೇಳಿದಳು. ಏಣಿ ತಂದು ಕ್ಯಾಮೆರಾದ ಕೆಳಗೆ ನಿಲ್ಲಿಸಿದಳು. ನಾನು ಹತ್ತಿ ಅದನ್ನು ಬಿಚ್ಚಿದೆ.

ನಾಲ್ಕನೆಯ ದಿನ ಮಗು ಕರೆದುಕೊಂಡು ದುದ್ದಕ್ಕೆ ಹೋದೆವು. ಜವರಮ್ಮ ಅಂಗೈ ಉಜ್ಜಿ, ಕೆನ್ನೆಗೆ ಇಟ್ಟು ನೋಡಿ, ಮಗುವನ್ನು ಎತ್ತಿಕೊಂಡರು. ನಾನು ಕೈ ಮುಗಿದೆ.

"ನನ್ ಮುಂದೆ ಮುಗ್ದು ಏನಾಗ್ಬೇಕು? ನಡಿ ಬಸ್‌ಸ್ಟಾಂಡಿಗೆ."

ಅಲ್ಲಿ ಟೀ ಅಂಗಡಿಯ ಮುಂದೆ ಆ ಮನುಷ್ಯ ಕೂತಿದ್ದ. ಅವನ ಸುತ್ತ ಐದಾರು ಜನ. "ತೋರಿಸಬಾರದ್ದನ್ನು ತೋರಿಸಿದೆ. ತಪ್ಪು ನನ್ನದು," ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಅವನು ನಕ್ಕ.

"ತೋರ್ಸ್ದೋನು ಒಪ್ಕಂಡ," ಅಂದರು ಜವರಮ್ಮ. "ನೋಡ್ದೋನು ನೀನು. ನಿಮ್ಮವ್ವನೂ ನಿನ್ನ ಇಂಗೇ ಕಾಲ್ ಮ್ಯಾಲ್ ಹಾಕ್ಕಂಡು ನೀರ್ ಹುಯ್ದವ್ಳೆ. ಈಗ ನಗು, ನೋಡಣ."

ಅವನು ಟೀ ಲೋಟದೊಳಗೆ ನೋಡುತ್ತಾ ಕೂತ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಜವರಮ್ಮ ಬಂದರು.

ನಿತ್ಯ ಸ್ಕೂಲಿಗೆ ಸೇರಿದ ಮೇಲೆ ಅವರು ಚನ್ನರಾಯಪಟ್ಟಣದ ಮಗಳ ಮನೆ ಸೇರಿದರು. ಆಮೇಲೆ ಒಂದೇ ಸಲ ನೋಡಿದ್ದು. ಅಲ್ಲಿಯ ಒಂದು ಮನೆಗೆ ಕ್ಯಾಮೆರಾ ಕೂರಿಸಲು ಹೋಗಿದ್ದೆ. ಹಾಲ್‌ನಲ್ಲಿ ಕಾಲು ನೀಡಿಕೊಂಡು ಜವರಮ್ಮ, ಕಾಲ ಮೇಲೆ ಆ ಮನೆಯ ಮಗು.

"ಇಲ್ಲೇ ಹಾಕಿ, ಇವರ ಎದುರಿಗೇ," ಅಂದರು ಮನೆಯ ಯಜಮಾನರು. "ದಿನವೆಲ್ಲಾ ಏನು ಮಾಡ್ತಾರೆ ಕಾಣ್ಬೇಕು."

"ಗೇಟಿಗೆ ಹಾಕ್ತೀನಿ ಸಾರ್. ಕಳ್ಳರು ಬರೋದು ಅಲ್ಲಿಂದ. ಇಲ್ಲಿ ಹಾಕಲ್ಲ."

"ಹಾಕೋರು ಬೇರೆಯೋರು ಸಿಗ್ತಾರೆ."

"ಸಿಗ್ತಾರೆ ಸಾರ್," ಅಂದು ಏಣಿ ಎತ್ತಿಕೊಂಡೆ.

"ಲೇ, ನಿಂತ್ಕೊ," ಅಂದರು ಜವರಮ್ಮ, ಅಲ್ಲಾಡದೆ. "ನಮ್ ಮಗ ಎಂಗವ್ಳೆ?"

"ಚೆನ್ನಾಗವ್ಳೆ ಜವರಮ್ಮ. ನಿಮ್ಮ ಥರಾನೇ ಕಾಲು ನೀಡ್ಕಂಡು ಕೂತ್ಕತಾಳೆ. ಕ್ಲಾಸಲ್ಲಿ ಟೀಚರ್ ಬಯ್ತಾರಂತೆ."

"ಬಯ್ಲಿ ಬುಡು," ಅಂದರು, ಯಜಮಾನರ ಕಡೆ ನೋಡುತ್ತಾ. "ಮಡಚ್ಬ್ಯಾಡ ಅನ್ನು."